ಬಾಡಿಗೆ ಸ್ಕೂಟರಿನ ಹಿಂದಿನ ಸೀಟು

ನಾನು ಓಡಿಸೋ ಗಾಡಿಯ ಹಿಂದೆ ಅಪ್ಪಯ್ಯ ಕೂತಿದ್ದು ಹ್ಯಾವ್‌ಲಾಕ್‌ನಲ್ಲೇ ಮೊದಲು. ಊರಲ್ಲಿ ಡೈರಿಗೆ ಹಾಲು ಹಾಕೋಕೆ ಹೋಗೋದಿದ್ದರೂ ಅವನೇ ಓಡಿಸಬೇಕು, ನಾವು ಹಿಂದೆ ಕೂತು ಕ್ಯಾನು ಹಿಡ್ಕೋಬೇಕು. ಅಂಡಮಾನಿನಲ್ಲಿ ಮಾತ್ರ ಪಾಪ ಸಿಕ್ಕಿಬಿದ್ದ. ಲೈಸೆನ್ಸನ್ನು ಮನೆಯ ಬೀರುವಿನಲ್ಲೇ ಬಿಟ್ಟು ಬಂದಿದ್ದ!

ಇದು 2023ರ ಜನವರಿಯ ಮಾತು. ಪೋರ್ಟ್ ಬ್ಲೇರ್‌ನಿಂದ (2024ರಲ್ಲಿ ಅದರ ಹೆಸರು ಶ್ರೀ ವಿಜಯ ಪುರಂ ಆಯ್ತು) ಹಡಗಿನಲ್ಲಿ ಸುಮಾರು ಎರಡು ಗಂಟೆ ದಾರಿ. ಅಷ್ಟರಲ್ಲಿ ಅಮ್ಮ ಮೂರು ಸಲ ವಾಂತಿ ಮಾಡಿ, 'ನನಗೆ ಯಾವ ದ್ವೀಪವೂ ಬೇಡ' ಅಂತ ಲಾಡ್ಜಿನಲ್ಲಿ ಮುಸುಕು ಹಾಕಿ ಮಲಗಿಬಿಟ್ಟಳು. ಉಳಿದದ್ದು ನಾನು ಮತ್ತು ಅಪ್ಪಯ್ಯ. ನಾವಿಬ್ಬರೇ ಅಂತ ಒಂದು ಇಡೀ ಮಧ್ಯಾಹ್ನ ಕಳೆದು ಎಷ್ಟು ವರ್ಷ ಆಗಿತ್ತೋ.

ದಿನಕ್ಕೆ ಐನೂರು ರೂಪಾಯಿ ಬಾಡಿಗೆಗೆ ಒಂದು ಸ್ಕೂಟರು ಸಿಕ್ತು. ಕನ್ನಡಿ ಒಂದೇ, ಸೀಟು ಹರಿದಿತ್ತು, ಪೆಟ್ರೋಲ್ ಮುಳ್ಳು ಕೆಂಪಿನ ಮೇಲೆ ಮಲಗಿತ್ತು. ಬಾಡಿಗೆ ಗಾಡಿಗಳಲ್ಲಿ ಪಂಪಿನ ತನಕ ಹೋಗುವಷ್ಟೇ ಪೆಟ್ರೋಲ್ ಇರುತ್ತೆ, ಅದೊಂದು ಲೆಕ್ಕಾಚಾರ. ಅಪ್ಪಯ್ಯ ಟೈರು ಒತ್ತಿ ನೋಡಿ, "ಇದು ಪಂಕ್ಚರ್ ಆಗ್ತದೆ, ಬೇಕಾರೆ ನೋಡು" ಅಂದ. ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ.

ಹ್ಯಾವ್‌ಲಾಕ್‌ಗೆ 2018ರಿಂದ ಸ್ವರಾಜ್ ದ್ವೀಪ ಅನ್ನೋ ಹೆಸರಿದೆ. ಮೊದಲಿನದು 1857ರ ದಂಗೆಯಲ್ಲಿ ಹೋರಾಡಿದ ಬ್ರಿಟಿಷ್ ಸೇನಾಧಿಕಾರಿಯ ಹೆಸರು. ಊರುಗಳು ಗೋವಿಂದನಗರ, ವಿಜಯನಗರ, ಶ್ಯಾಮನಗರ, ಕೃಷ್ಣನಗರ, ರಾಧಾನಗರ. ಆದರೆ ಜನರ ಬಾಯಲ್ಲಿ ನಂಬರುಗಳೇ ಓಡಾಡುತ್ತವೆ. ಮಾರ್ಕೆಟ್ಟು ಅಂದರೆ ಮೂರು ನಂಬರು, ನಮ್ಮ ಲಾಡ್ಜು ಐದು ನಂಬರು, ರಾಧಾನಗರದ ಬೀಚು ಏಳು ನಂಬರು. 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದಲ್ಲೇ ಚೆಂದದ ಬೀಚು ಅಂತ ಹೊಗಳಿದ್ದು ಈ ಏಳು ನಂಬರನ್ನೇ. ಜೆಟ್ಟಿಯಿಂದ ಸುಮಾರು ಹನ್ನೆರಡು ಕಿಲೋಮೀಟರು.

"ನಿಧಾನ ಮಾರಾಯ್ತಿ, ಯಾರೂ ಓಡಿಸ್ಕಂಡು ಬರ್ತಿಲ್ಲ."

ಮೂವತ್ತರಲ್ಲಿ ಹೋಗುತ್ತಿದ್ದೆ ಸ್ವಾಮಿ! ಆಮೇಲೆ ಗೊತ್ತಾಯ್ತು, ಅವನು ತೋಟ ನೋಡುತ್ತಿದ್ದ. ರಸ್ತೆಯ ಎರಡೂ ಕಡೆ ಅಡಿಕೆ. ಜನ ಸಮುದ್ರ ನೋಡೋಕೆ ಇಷ್ಟು ದೂರ ಬರುತ್ತಾರೆ, ನಮ್ಮಪ್ಪಯ್ಯ ಅಡಿಕೆ ಮರದ ಕೊನೆ ಎಣಿಸುತ್ತಾನೆ. "ಒತ್ತಾಗಿ ನೆಟ್ಟಿದಾರೆ... ಬುಡಕ್ಕೆ ಮಣ್ಣೇ ಕೊಟ್ಟಿಲ್ಲ..." ಅಂತ ಹಿಂದಿನಿಂದ ವಿಮರ್ಶೆ ನಡೆದೇ ಇತ್ತು. ಅದರ ನಡುವೆಯೇ ಹಿಂದಿನ ಟೈರು ಉಸಿರು ಬಿಟ್ಟಿತು. "ನಾ ಹೇಳ್ಲಿಲ್ವಾ?" ಅನ್ನೋ ಅವಕಾಶವನ್ನು ಅಪ್ಪಯ್ಯ ಬಿಟ್ಟುಕೊಡಲಿಲ್ಲ.

ನಿಂತಿದ್ದು ಒಂದು ತಗಡಿನ ಮನೆಯ ಎದುರು. ಅಂಗಳದಲ್ಲಿ ಅಡಿಕೆ ಒಣಗಲು ಹರವಿತ್ತು, ಪಕ್ಕದಲ್ಲಿ ಲುಂಗಿ ಉಟ್ಟ ಬಂಗಾಲಿ ಅಜ್ಜ ಕೋಲು ಹಿಡಿದು ಕೋಳಿ ಅಟ್ಟುತ್ತಾ ಕೂತಿದ್ದರು. ಅವರ ಮೊಮ್ಮಗ ಫೋನು ಮಾಡಿ ಪಂಕ್ಚರ್ ಹುಡುಗನನ್ನು ಕರೆದ. "ಅರ್ಧ ಗಂಟೆ" ಅಂದವನು ಬಂದಿದ್ದು ಒಂದೂವರೆ ಗಂಟೆಗೆ. ಅದೇ ಒಳ್ಳೇದಾಯ್ತು ಅನ್ನಿ.

ಅಪ್ಪಯ್ಯನ ಹಿಂದಿ ದೇವರಿಗೇ ಪ್ರೀತಿ. ಅಜ್ಜನದ್ದೂ ಅರ್ಧ ಬಂಗಾಲಿ. ಆದರೂ ಒಂದು ಅಡಿಕೆ ಎತ್ತಿಕೊಂಡು ಉಗುರಿನಲ್ಲಿ ಕೆರೆದು ನೋಡಿದ್ದೇ, ಇಬ್ಬರಿಗೂ ಮಾತು ಹತ್ತಿಬಿಟ್ಟಿತು. ರೇಟು ಎಷ್ಟು, ಕೊಳೆ ಬರುತ್ತಾ, ಕೊಯ್ಯೋಕೆ ಜನ ಸಿಗ್ತಾರಾ... ಆ ಮೇಲೆ ಅಜ್ಜ ತಾವು ಬಂದ ಕತೆ ಹೇಳಿದರು. ಬಾರಿಸಾಲ್ ಕಡೆಯವರು, ಅದು ಆಗ ಪೂರ್ವ ಪಾಕಿಸ್ತಾನ. 1950ರ ದಶಕದಲ್ಲಿ ನಿರಾಶ್ರಿತರನ್ನು ಸರ್ಕಾರ ಕಲ್ಕತ್ತಾದಿಂದ ಹಡಗು ಹತ್ತಿಸಿ ಈ ದ್ವೀಪಗಳಿಗೆ ಕಳಿಸಿತಲ್ಲ, ಅದರಲ್ಲಿ ಅಪ್ಪ ಅಮ್ಮನ ಜೊತೆ ಬಂದವರು. ಐದು ಎಕರೆ ಗದ್ದೆ, ಐದು ಎಕರೆ ಗುಡ್ಡ ಕೊಟ್ಟರಂತೆ. ಗದ್ದೆ ಅಂದರೆ ಗದ್ದೆಯಲ್ಲ, ಕಾಡು. ಕಡಿದು ಗದ್ದೆ ಮಾಡಿಕೊಳ್ಳಬೇಕಿತ್ತು. (ಆ ಕಾಡೂ ಅದಕ್ಕೂ ಮೊದಲು ಯಾರದ್ದೋ ಆಗಿತ್ತು. ಅಂಡಮಾನಿನ ಮೂಲ ಜನರ ಕತೆ ಇದಕ್ಕಿಂತ ದೊಡ್ಡದು, ಇನ್ನೊಮ್ಮೆ ಬರೀತೀನಿ.)

"ಆಗ ನನಗೆ ಏಳು ವರ್ಷ" ಅಂದರು ಅಜ್ಜ.

"ಮೈ ಭೀ ಸಾತ್" ಅಂದ ಅಪ್ಪಯ್ಯ.

ಅಜ್ಜನಿಗೆ ಅರ್ಥ ಆಗಲಿಲ್ಲ. ನನಗೆ ಆಯಿತು. ಶರಾವತಿಗೆ ಲಿಂಗನಮಕ್ಕಿ ಡ್ಯಾಮು ಕಟ್ಟಿ ಮುಗಿದಿದ್ದು 1964ರಲ್ಲಿ. ನೀರು ಬರುವ ಮೊದಲು ನಮ್ಮ ಮನೆಯವರನ್ನು ಲಾರಿಯಲ್ಲಿ ತುಂಬಿ ತಂದು ಕಾಡಿನ ನಡುವೆ ಇಳಿಸಿ ಹೋಗಿದ್ದರು. ಅಪ್ಪಯ್ಯ ಇದನ್ನು ಯಾವತ್ತೂ ಹೇಳಿಲ್ಲ. ನಾನು ಕೇಳಿದ್ದೆಲ್ಲ ಅತ್ತೆಯಂದಿರಿಂದ. ಕರೆಂಟಿಗಾಗಿ ಮನೆ ಕೊಟ್ಟವರ ಮನೆಗೆ ಕರೆಂಟು ಬರೋಕೆ ಎಷ್ಟೋ ವರ್ಷ ಹಿಡೀತು ಅನ್ನೋ ಜೋಕು ನಮ್ಮಲ್ಲಿ ಹಳೇದು. ಹಕ್ಕುಪತ್ರದ್ದು ಮಾತ್ರ ಜೋಕಲ್ಲ. ನಮ್ಮಂಥ ಎಷ್ಟೋ ಮುಳುಗಡೆ ಕುಟುಂಬಗಳಿಗೆ ಅದು ಇವತ್ತಿಗೂ ಸಿಕ್ಕಿಲ್ಲ. ಫೈಲು ಹಿಡಿದು ಅಪ್ಪಯ್ಯ ಕಛೇರಿಗಳಿಗೆ ಅಲೆದ ದಿನಗಳು ನನಗೆ ನೆನಪಿವೆ. ಬಂದವನೇ ಮಾತಾಡದೆ ತೋಟಕ್ಕೆ ಹೋಗಿಬಿಡುತ್ತಿದ್ದ.

ಸ್ವಲ್ಪ ಹೊತ್ತು ಬಿಟ್ಟು ಅಪ್ಪಯ್ಯ ಕೇಳಿದ, "ದಾದಾ, ಕಾಗಜ್ ಮಿಲಾ?"

"ಮಿಲಾ, ಮಿಲಾ" ಅಂದರು ಅಜ್ಜ ಕೈಯಾಡಿಸುತ್ತಾ, ಅದೇನು ದೊಡ್ಡ ವಿಷಯ ಅನ್ನೋ ಹಾಗೆ. ಅವರ ದುಃಖ ಬೇರೆ. ದೊಡ್ಡ ಮಗ ಗದ್ದೆಯನ್ನು ರೆಸಾರ್ಟಿಗೆ ಮಾರಿದ್ದಾನೆ. ಅಪ್ಪಯ್ಯ ತಲೆ ಅಲ್ಲಾಡಿಸಿದ, ಏನೂ ಹೇಳಲಿಲ್ಲ. ಹೊರಡುವಾಗ ಅಜ್ಜ ನಾಲ್ಕು ಹಣ್ಣಡಿಕೆ ಕೊಟ್ಟರು. ಅವನ್ನು ಕರ್ಚೀಪಿನಲ್ಲಿ ಕಟ್ಟಿ ಜೇಬಿಗಿಟ್ಟುಕೊಂಡ.

ರಾಧಾನಗರ ಸೇರುವಷ್ಟರಲ್ಲಿ ಸೂರ್ಯ ಹೋಗಿದ್ದ. ಅಂಡಮಾನು ಅಷ್ಟು ಪೂರ್ವಕ್ಕಿದ್ದರೂ ಗಡಿಯಾರ ನಮ್ಮದೇ ನೋಡಿ, ಜನವರಿಯಲ್ಲಿ ಐದೂವರೆಗೆಲ್ಲ ಮುಳುಗಿಬಿಡುತ್ತಾನೆ. ಬೀಚಿನ ಬಗ್ಗೆ ಬರೆಯೋಕೆ ಅದಕ್ಕೇ ಏನೂ ಇಲ್ಲ. ಬೂದಿ ಬಣ್ಣದ ನೀರು, ವಾಪಸ್ಸು ಹೊರಟ ಜನ, ಒಂದು ಚಹಾ.

ವಾಪಸ್ಸು ಬರುವಾಗ ಕತ್ತಲು. ಎರಡೂ ಕಡೆ ಕಾಡು, ನಮ್ಮ ಒಂದು ದೀಪ. ಹಿಂದಿನಿಂದ ಅಪ್ಪಯ್ಯ ಶುರು ಮಾಡಿದ. ಮುಖ ನೋಡಬೇಕಾಗಿಲ್ಲ ಅಂತ ಧೈರ್ಯ ಬಂತೋ ಏನೋ. ಅಂಗಳದಿಂದಲೇ ಹೊಳೆ ಕಾಣ್ತಿದ್ದದ್ದು, ಕಂಬ ಬಾಗಿಲು ಎಲ್ಲ ಬಿಚ್ಚಿ ಲಾರಿಗೆ ಹಾಕಿದ್ದು. ಅಜ್ಜಿ ಒರಳುಕಲ್ಲು ಬಿಟ್ಟು ಬರಲ್ಲ ಅಂತ ಹಠ ಹಿಡಿದಿದ್ದು, ಲಾರಿಯವನು ಆಗಲ್ಲ ಅಂದಿದ್ದು. ಬಿರು ಬೇಸಿಗೆಯಲ್ಲಿ ಹಿನ್ನೀರು ತುಂಬ ಇಳಿದರೆ ಹಳೇ ಮಡೇನೂರು ಡ್ಯಾಮು ಮೇಲೆ ಏಳುತ್ತಲ್ಲ, ಅಂಥ ಒಂದು ವರ್ಷ ಇವನು ಯಾರಿಗೂ ಹೇಳದೆ ಹಿನ್ನೀರಿಗೆ ಹೋಗಿದ್ದನಂತೆ. ಒರಳು ಹುಡುಕೋಕೆ.

ನಾನು ಗಾಡಿಯನ್ನು ಇಪ್ಪತ್ತಕ್ಕೆ ಇಳಿಸಿದೆ. ಗಾಳಿಯಲ್ಲಿ ಸರಿಯಾಗಿ ಕೇಳುತ್ತಿರಲಿಲ್ಲ.

"ಸಿಕ್ತಾ?"

"ಎಲ್ಲಿ ಸಿಗ್ತದೆ! ಮೊಣಕಾಲು ತನಕ ಕೆಸರು."

ಐದು ನಂಬರು ಬಂತು. ಲಾಡ್ಜಿನ ಗೇಟಿನ ದೀಪ ಕಾಣಿಸಿತು. ಪೆಟ್ರೋಲ್ ಮುಳ್ಳು ನೋಡಿದೆ, ಇನ್ನೂ ಅರ್ಧ ಇತ್ತು. ಗೇಟು ದಾಟಿ ಕಾಲಾಪತ್ಥರ್ ಕಡೆಗೆ ನೇರ ಹೋದೆ.

"ನಿನ್ನಮ್ಮ ಕಾಯ್ತಿರ್ತಾಳೆ" ಅಂದ ಅಪ್ಪಯ್ಯ. ಆಮೇಲೆ, "ಹೊಳೆ ಆಚೆಗೊಂದು ಹಲಸಿನ ಮರ ಇತ್ತು..." ಅಂತ ಮುಂದುವರಿಸಿದ.