ಬೇಕಾದರೆ ಮಾಡಿಸಬಹುದಂತೆ

ನಮ್ಮ ಕನ್ನಡ ಸಂಘದ ಕಾರ್ಯದರ್ಶಿ ಕ್ಯಾಂಟೀನಿನಲ್ಲಿ ಸಿಕ್ಕಿ, "ಈ ಸಲ ನೀವೂ ಏನಾದ್ರೂ ಬರೆದ್ರೆ ಚೆನ್ನಾಗಿತ್ತು" ಅಂದರು. ಚೆನ್ನಾಗಿತ್ತು ಅಂದರೆ ಬರೆಯಲೇಬೇಕು ಎಂದು ಅರ್ಥ. ಅದು ನನಗೆ ಕೂಡಲೇ ತಿಳಿಯಿತು, ಕನ್ನಡವಲ್ಲವೇ! ಇದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದ್ದರೆ, ಒಂದು ವರ್ಷದ ಹಿಂದೆ ನನಗೆ ತಿಳಿಯುತ್ತಿರಲಿಲ್ಲ. ಹಾಗೆ ತಿಳಿಯದೆ ಹೋದದ್ದರ ಕಥೆಯನ್ನೇ ಬರೆಯುತ್ತಿದ್ದೇನೆ.

ನಾನು ಹತ್ತನೆಯ ತರಗತಿಯವರೆಗೆ ಓದಿದ್ದು ಮುಂಬಯಿಯ ಒಂದು ಕನ್ನಡ ಶಾಲೆಯಲ್ಲಿ. ನಮ್ಮ ಮಾಸ್ತರರು ಇಂಗ್ಲಿಷ್ ವ್ಯಾಕರಣವನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದರು. ಮಸ್ಟ್ ಅಂದರೆ ಬೇಕು. ಮೇ ಅಂದರೆ ಬಹುದು. ಮೈಟ್ ಅಂದರೆ ಆದರೂ ಆಗಬಹುದು. ವಾಂಟ್ ಅಂದರೂ ಬೇಕು. ಪರೀಕ್ಷೆಗೆ ಈ ಮಗ್ಗಿ ಸಾಕಾಯಿತು.

ಅಪ್ಪಯ್ಯ ಮಾಟುಂಗದ ಒಂದು ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವವರು. ಕಳೆದ ಮಳೆಗಾಲದಲ್ಲಿ ಚಪ್ಪಲಿ ಕಚ್ಚಿ ಅವರ ಕಾಲ ಕಿರುಬೆರಳಿಗೆ ಗಾಯವಾಯಿತು, ಒಣಗಲೇ ಇಲ್ಲ. ನಮ್ಮ ಓಣಿಯ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರರು ಹಿಂದಿಯಲ್ಲಿಯೇ ಶುರು ಮಾಡಿದ್ದರು. ಮಧ್ಯೆ ಬಾಯಿ ಹಾಕಿ ಇಂಗ್ಲಿಷಿಗೆ ತಿರುಗಿಸಿದವನು ನಾನು. ಬಿ.ಕಾಂ. ಓದುವ ಮಗ ಎಂದು ತಿಳಿಯಲಿ ಎಂಬ ಜಂಭ! ಅವರು ಮುಲಾಮು ಬರೆದುಕೊಟ್ಟು, ನಗುನಗುತ್ತಾ, "ಯೂ ಮೈಟ್ ವಾಂಟ್ ಟು ಗೆಟ್ ಹಿಸ್ ಶುಗರ್ ಚೆಕ್ಡ್" ಅಂದರು.

ಹೊರಗೆ ಬಂದಮೇಲೆ ಅಪ್ಪಯ್ಯ, "ಎಂತ ಅಂದ್ರ್ ಮಗಾ?" ಎಂದು ಕೇಳಿದರು. "ಬೇಕಾದ್ರೆ ಶುಗರ್ ಟೆಸ್ಟ್ ಮಾಡಿಸಬಹುದಂತೆ" ಅಂದೆ. "ಹಂಗಾರೆ ಬ್ಯಾಡ" ಅಂದರು ಅಪ್ಪಯ್ಯ. ದುಡ್ಡು ಉಳಿಯಿತಲ್ಲ ಎಂದು ಇಬ್ಬರೂ ಸಮಾಧಾನದಿಂದ ಮನೆಗೆ ಬಂದೆವು.

ಬೆಳಿಗ್ಗೆ ಕಾಲೇಜು ಮುಗಿಸಿ ನಾನು ಫೋರ್ಟಿನ ಒಂದು ಲೆಕ್ಕಪತ್ರದ ಆಫೀಸಿಗೆ ಹೋಗುತ್ತೇನೆ. ಆಮೇಲೆ ಮೂರು ವಾರಕ್ಕೆ ಅಲ್ಲಿ ಒಂದು ಟ್ರಯಲ್ ಬ್ಯಾಲೆನ್ಸಿನಲ್ಲಿ 900 ರೂಪಾಯಿ ವ್ಯತ್ಯಾಸ ಬಂತು. ಸಾಹೇಬರು ಹಾಳೆಯನ್ನು ನನ್ನ ಮುಂದಿಟ್ಟು, "ಯೂ ಮೈಟ್ ವಾಂಟ್ ಟು ಚೆಕ್ ದಿಸ್ ಒನ್ಸ್ ಮೋರ್" ಅಂದರು. ನನಗೋ ಆವತ್ತು 6 ಗಂಟೆಯ ಲೋಕಲ್ ಹಿಡಿಯುವ ಅವಸರ. ವಿನಯದಿಂದಲೇ, "ನೋ ಸರ್, ಐ ಡೋಂಟ್ ವಾಂಟ್ ಟು" ಅಂದುಬಿಟ್ಟೆ!

ಆಫೀಸೆಲ್ಲ ನಕ್ಕಿತು. ಸಾಹೇಬರು ನಗಲಿಲ್ಲ. ಪಕ್ಕದ ಮೇಜಿನ ಹಿರಿಯ ಗುಮಾಸ್ತರು, ನಾವೆಲ್ಲ ಕಾಕಾ ಅನ್ನುತ್ತೇವೆ, ಹತ್ತಿರ ಬಂದು ಹೇಳಿದರು: "ಹುಚ್ಚಪ್ಪಾ, ಅವರು ನಿನ್ನ ಇಷ್ಟ ಕೇಳಿದ್ದಲ್ಲ. ಮಾಡು ಅಂದದ್ದು. ದೊಡ್ಡವರು ಹಾಗೇ ಮೆತ್ತಗೆ ಹೇಳುವುದು." ವ್ಯತ್ಯಾಸ 9ರಿಂದ ಭಾಗವಾದರೆ ಅಂಕಿ ಅದಲುಬದಲಾಗಿರಬಹುದು ಎಂದೂ ಅವರೇ ತೋರಿಸಿಕೊಟ್ಟರು. ಹುಡುಕಿದರೆ 5,400 ಇರಬೇಕಾದ ಕಡೆ 4,500 ಬರೆದಿದ್ದೆ. ತಿದ್ದಿದೆ.

ತಿದ್ದುತ್ತಿರುವಾಗಲೇ ಡಾಕ್ಟರರ ಮಾತು ನೆನಪಾಯಿತು. ಅದೇ ಮೈಟ್, ಅದೇ ವಾಂಟ್. ಎದೆ ಧಸಕ್ಕೆಂದಿತು.

ಮರುದಿನವೇ ಪರೀಕ್ಷೆ ಮಾಡಿಸಿದೆವು. ಸಕ್ಕರೆ 300 ದಾಟಿತ್ತು. ಬೆರಳು ಅಷ್ಟರಲ್ಲಿ ಕಪ್ಪಾಗಿತ್ತು. ದೊಡ್ಡಾಸ್ಪತ್ರೆಯಲ್ಲಿ ಅದನ್ನು ತೆಗೆದೇಬಿಟ್ಟರು. ಅಲ್ಲಿಯ ಡಾಕ್ಟರರು ಹಿಂದಿಯಲ್ಲಿ, "ಮೊದಲೇ ಯಾಕೆ ಬರಲಿಲ್ಲ?" ಎಂದು ಗದರಿದರು. ಅಪ್ಪಯ್ಯ ನನ್ನ ಕಡೆ ನೋಡದೆ, "ಹೋಟೆಲಿನಲ್ಲಿ ರಜೆ ಸಿಗಲಿಲ್ಲ ಸಾಬ್" ಅಂದರು.

ಆಮೇಲೆ ನಾನು ಕಾಕಾನ ಹತ್ತಿರ ಇಂಥ ಮಾತುಗಳನ್ನು ಕೇಳಿ ಕೇಳಿ ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟೆ. ನನ್ನಂತೆ ಕನ್ನಡ ಶಾಲೆಯಿಂದ ಬಂದ ಗೆಳೆಯರಿಗೆ ಉಪಯೋಗವಾದೀತು. "ಯೂ ಹ್ಯಾಡ್ ಬೆಟರ್" ಎಂಬುದರಲ್ಲಿ ಬೆಟರ್ ಇದ್ದರೂ ಅದು ಮೆತ್ತಗಿನ ಸಲಹೆಯಲ್ಲ. ಮಾಡದಿದ್ದರೆ ನೋಡು ಎಂಬ ಎಚ್ಚರಿಕೆ ಅದರಲ್ಲಿದೆ. ಸಾಹೇಬರಿಗೆ ಅದನ್ನು ಹೇಳಬಾರದು. ಹ್ಯಾಡ್ ಇದ್ದರೂ ಅದು ಆಗಿಹೋದದ್ದರ ಮಾತಲ್ಲ, ಈಗಿನದರ ಅಥವಾ ಮುಂದಿನದರ ಮಾತು. "ಐ ಮೈಟ್ ಆ್ಯಸ್ ವೆಲ್ ಗೋ" ಅಂದರೆ, ಬೇರೆ ಒಳ್ಳೆಯ ದಾರಿ ಕಾಣುವುದಿಲ್ಲ, ಹೋದರಾಯಿತು ಬಿಡು ಎಂದು. "ಐ ಸಪೋಸ್ ಐ ಶುಡ್ ಗೋ" ಅಂದರೆ ಮನಸ್ಸಿಲ್ಲ, ಆದರೆ ಹೋಗದೆ ವಿಧಿಯಿಲ್ಲ. ಊರಿನಿಂದ ಮದುವೆ ಕಾಗದ ಬಂದಾಗ ಅಮ್ಮ ನಿಟ್ಟುಸಿರು ಬಿಟ್ಟು, "ಎಂತ ಮಾಡುದ್, ಹೋಯ್ಕಲ್ಲ" ಅನ್ನುತ್ತಾರಲ್ಲ, ಅದೇ ಇದು.

ನಮ್ಮಲ್ಲಿಯೂ ಬೇಕು ಒಂದೇ ಅಲ್ಲ. "ನನಗೆ ಚಹಾ ಬೇಕು" ಅಂದರೆ ಆಸೆ. "ನಾನು ಹೋಗಬೇಕು" ಅಂದರೆ ಕರ್ತವ್ಯ. ಈ ವ್ಯತ್ಯಾಸವನ್ನು ಯಾರೂ ಕಲಿಸದೆ ಕಲಿತಿದ್ದೆ. ಇಂಗ್ಲಿಷಿನಲ್ಲಿ ಮಾತ್ರ ಶಬ್ದದ ಅರ್ಥ ಗೊತ್ತಾದರೆ ಮಾತಿನ ಅರ್ಥವೂ ಗೊತ್ತಾಯಿತೆಂದು ತಿಳಿದಿದ್ದೆ. ಈಗ ಸಂಶಯ ಬಂದರೆ ನಾಚಿಕೆ ಬಿಟ್ಟು, "ಮಾಡಲೇಬೇಕೇ ಸರ್?" ಎಂದು ಕೇಳಿಬಿಡುತ್ತೇನೆ.

ಡಾಕ್ಟರರು ಅಂದು ನಿಜವಾಗಿ ಹೇಳಿದ್ದೇನು ಎಂಬುದನ್ನು ಅಪ್ಪಯ್ಯನಿಗೆ ನಾನು ಇನ್ನೂ ಹೇಳಿಲ್ಲ. ಐ ಸಪೋಸ್ ಐ ಶುಡ್ ಎಂದುಕೊಳ್ಳುತ್ತಲೇ ಎಂಟು ತಿಂಗಳು ಕಳೆದೆ. ನಮ್ಮ ಈ ಪತ್ರಿಕೆ ಬಂದಾಗೆಲ್ಲ ಅವರು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಮೊದಲಿನಿಂದ ಕೊನೆಯವರೆಗೆ ಓದುತ್ತಾರೆ. ಇದನ್ನೂ ಓದುತ್ತಾರೆ.