ಜನರಿಲ್ಲದ ಗ್ರಾಮ

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಡಾರ್ಸೆಟ್ ಪ್ರಾಂತದಲ್ಲಿ, ಎರಡು ಗುಡ್ಡಸಾಲುಗಳ ನಡುವೆ, ಸಮುದ್ರಕ್ಕೆ ಅನತಿದೂರದಲ್ಲಿ ಟೈನಮ್ ಎಂಬ ಪುಟ್ಟ ಗ್ರಾಮವೊಂದುಂಟು. ಅಲ್ಲಿ ಚರ್ಚು ಇದೆ, ಪಾಠಶಾಲೆಯಿದೆ, ಮಾಡಿಲ್ಲದ ಕಲ್ಲುಮನೆಗಳ ಸಾಲಿದೆ. ವಾಸಿಸುವವನು ಮಾತ್ರ ಒಬ್ಬನೂ ಇಲ್ಲ. ಇದು ಹೇಗಾಯಿತೆಂಬುದನ್ನು ವಾಚಕರಿಗೆ ತಿಳಿಸುವುದೇ ನಮ್ಮ ಉದ್ದೇಶವು.

ಊರು ಬಹು ಪ್ರಾಚೀನವಾದುದು. ವಿಲಿಯಂ ದೊರೆಯು ತನ್ನ ರಾಜ್ಯದ ಭೂಮಿಕಾಣಿಗಳನ್ನು ಎಣಿಸಿ 1086ರಲ್ಲಿ ಬರೆಯಿಸಿದ ಡೂಮ್ಸ್‌ಡೇ ಲೆಕ್ಕದಲ್ಲಿ ಇದರ ಹೆಸರಿದೆ. ಊರಿನ ಭೂಮಿಗೆ ಒಡೆಯನಾದವನು ವಾಸಿಸುವ ಸೌಧಕ್ಕೆ ಆ ದೇಶದಲ್ಲಿ ಮ್ಯಾನರ್ ಹೌಸ್ ಎನ್ನುವರು. ಎಲಿಜಬೆತ್ ರಾಣಿಯ ಕಾಲದಲ್ಲಿ ಇಲ್ಲಿ ಅಂತಹದೊಂದು ಸುಂದರವಾದ ಶಿಲಾಸೌಧವೆದ್ದಿತು. 1683ರಲ್ಲಿ ಬಾಂಡ್ ವಂಶದವರು ಅದನ್ನು ಕೊಂಡು, ತಲೆಮಾರುಗಳ ಕಾಲ ಅಲ್ಲಿ ಬಾಳಿದರು. ಊರವರಲ್ಲಿ ಬಹುಮಂದಿ ಅವರ ಒಕ್ಕಲುಗಳು.

ಎರಡನೆಯ ಮಹಾಯುದ್ಧದಲ್ಲಿ ಟ್ಯಾಂಕುಗಳ ಗುಂಡಿನ ಅಭ್ಯಾಸಕ್ಕೆ ಸೈನ್ಯದವರಿಗೆ ಆ ಕಣಿವೆ ಬೇಕಾಯಿತು. 1943ರ ನವೆಂಬರಿನಲ್ಲಿ ಮನೆಮನೆಗೂ ಪತ್ರ ಬಂದಿತು. ಡಿಸೆಂಬರ್ 19ರೊಳಗೆ ಸ್ಥಳ ತೆರವಾಗಬೇಕೆಂದು ಆಜ್ಞೆ. ಆ ಊರೂ ನೆರೆಯೂ ಸೇರಿ ಸುಮಾರು 225 ಮಂದಿ ಹೊರಟರು. ಯುದ್ಧ ಮುಗಿದೊಡನೆ ಹಿಂದಿರುಗುವೆವೆಂದು ಅವರ ನಂಬುಗೆ. ಹೊರಡುವಾಗ ಚರ್ಚಿನ ಬಾಗಿಲಿಗೆ ಒಂದು ಚೀಟಿಯನ್ನು ಅಂಟಿಸಿದರು: ಮನೆಗಳನ್ನೂ ದೇವಾಲಯವನ್ನೂ ಜೋಪಾನವಾಗಿ ನೋಡಿಕೊಳ್ಳಿರಿ, ಒಂದು ದಿನ ನಾವು ಮರಳಿ ಬರುವೆವು ಎಂಬುದು ಅದರ ತಾತ್ಪರ್ಯ.

ಆ ದಿನವು ಬರಲಿಲ್ಲ. 1948ರಲ್ಲಿ ಸರ್ಕಾರವು ದೇಶರಕ್ಷಣೆಯ ಕಾರಣದಿಂದ ಆ ಭೂಮಿಯನ್ನು ಕಡ್ಡಾಯವಾಗಿ ಕೊಂಡು ತನ್ನಲ್ಲಿಯೇ ಉಳಿಸಿಕೊಂಡಿತು. ಶಿಥಿಲವಾಗಿದ್ದ ಸೌಧದ ಬಹುಭಾಗವನ್ನು 1967ರಲ್ಲಿ ಕೆಡವಿದರು. 1975ರಿಂದೀಚೆಗೆ, ಗುಂಡಿನ ಅಭ್ಯಾಸವಿಲ್ಲದ ದಿನಗಳಲ್ಲಿ, ಸಾಮಾನ್ಯವಾಗಿ ವಾರದ ಕೊನೆಯಲ್ಲಿ, ಯಾತ್ರಿಕರಿಗೆ ಪ್ರವೇಶವುಂಟು. ಮಕ್ಕಳು ಸಾಲದೆ 1932ರಲ್ಲಿಯೇ ಮುಚ್ಚಿದ್ದ ಪಾಠಶಾಲೆಯನ್ನು ಈಗ ಅಣಿಗೊಳಿಸಿದ್ದಾರೆ; ಹೂ ಹಕ್ಕಿಗಳನ್ನು ಕುರಿತು ಮಕ್ಕಳು ಬರೆದ ಪಾಠಗಳು ಅಲ್ಲಿ ಕಾಣಸಿಗುವುವು. ಬಾಳೆಲ್ಲ ಬಳಪ ಹಿಡಿದ ನಮ್ಮಂಥವರಿಗೆ, ಕುಸಿದ ಸೌಧಕ್ಕಿಂತಲೂ ಆ ಬರಿದಾದ ಬೆಂಚುಗಳೇ ಹೆಚ್ಚು ಮರುಕವನ್ನುಂಟುಮಾಡುವುವು.

ಉಳುಮೆಯಿಲ್ಲದ ಆ ಕಣಿವೆಯಲ್ಲಿ ಇಂದು ಕಾಡುಹೂಗಳೂ ಪಕ್ಷಿಗಳೂ ಸಮೃದ್ಧವಾಗಿವೆ. ಪ್ರಕೃತಿಮಾತೆಗೆ ಲಾಭವಾಯಿತೆಂದು ಕೆಲವರು ಸಂತೋಷಪಡುವರು. ಅದು ನಿಜವೇ. ಆದರೆ ಸಂಸ್ಕೃತದಲ್ಲಿ ಗ್ರಾಮವೆಂಬ ಶಬ್ದಕ್ಕೆ ಸಮೂಹವೆಂಬುದೂ ಅರ್ಥ. ಇಂದ್ರಿಯಗ್ರಾಮ, ಗುಣಗ್ರಾಮ ಎಂಬ ಪ್ರಯೋಗಗಳನ್ನು ವಾಚಕರು ಬಲ್ಲರು. ಕೂಡಿ ಬಾಳುವ ಜನವೇ ಗ್ರಾಮ. ಗೋಡೆಗಳು ಅದರ ಉಡುಪು ಮಾತ್ರ. ರಾಜ್ಯಕ್ಕೆ ವಿಪತ್ತು ಬಂದಾಗ ಪ್ರಜೆಯ ಮನೆಯನ್ನು ಬೇಡುವುದು ಅನ್ಯಾಯವೆಂದು ನಾವು ಹೇಳೆವು. ಬೇಡಿ ಪಡೆದುದು ಋಣ. ವಿಪತ್ತು ಕಳೆದ ಮೇಲೆ ಅದನ್ನು ತೀರಿಸುವುದು ಧರ್ಮ. ಟೈನಮ್ಮಿನ ಜನರು ತಮ್ಮ ಪಾಲಿನದನ್ನು ಪೂರ್ಣವಾಗಿ ಸಲ್ಲಿಸಿದರು. ಅವರಿಗೆ ಸಲ್ಲಬೇಕಾದುದು ಮಾತ್ರ ಹಾಗೆಯೇ ಉಳಿಯಿತು.