ಬೀರುವಿನೊಳಗಿನ ಪುಸ್ತಕ



ನಮ್ಮ ಮನೆಯ ಬೀರುವಿನಲ್ಲಿ, ನನ್ನ ಮದುವೆಯ ಸೀರೆಯ ಅಡಿಯಲ್ಲಿ, ಕಂದು ಕಾಗದದ ಹೊದಿಕೆ ಹಾಕಿದ ಒಂದು ಪುಸ್ತಕವಿತ್ತು. ಅದನ್ನು ಎಂಟು ವರ್ಷಗಳ ಕಾಲ ನಾನು ಅಲ್ಲಿಯೇ ಬಚ್ಚಿಟ್ಟಿದ್ದೆ. ಅದೇನೂ ನಿಷಿದ್ಧ ಗ್ರಂಥವಲ್ಲ. ದತ್ತು ಮಕ್ಕಳು ತಮ್ಮ ತಂದೆತಾಯಿಯರು ಅರಿತಿರಬೇಕೆಂದು ಬಯಸುವ ಇಪ್ಪತ್ತು ಸಂಗತಿಗಳನ್ನು ಕುರಿತು ಅಮೆರಿಕದ ಶೆರಿ ಎಲ್ಡ್ರಿಡ್ಜ್ ಎಂಬಾಕೆ 1999ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಕೃತಿ. ಲೇಖಕಿಯೂ ದತ್ತುಮಗಳೇ. ಮಕ್ಕಳಿಂದ ಸತ್ಯವನ್ನು ಮರೆಮಾಚಬೇಡಿರೆಂದು ತಿಳಿಹೇಳುವ ಪುಸ್ತಕವನ್ನೇ ನಾನು ನನ್ನ ಮಗಳಿಂದ ಮರೆಮಾಚಿದ್ದೆ. ಈ ಲೇಖನ ನನ್ನ ಆ ತಪ್ಪಿನ ನಿವೇದನೆ. ನಿಮ್ಮಲ್ಲಿ ಯಾರಾದರೂ ಇಂತಹುದೇ ಹಾದಿಯಲ್ಲಿ ಹೊರಟಿದ್ದರೆ, ನನ್ನ ಅನುಭವ ನಿಮಗೆ ಪ್ರಯೋಜನವಾಗಲೆಂಬುದೇ ನನ್ನ ಆಶಯ.

ಮದುವೆಯಾಗಿ ಹನ್ನೊಂದು ವರ್ಷಗಳಾದರೂ ನಮಗೆ ಮಕ್ಕಳಿರಲಿಲ್ಲ. 2007ರಲ್ಲಿ ಏಳು ತಿಂಗಳ ಹಸುಳೆಯೊಂದು ನಮ್ಮ ಮನೆಗೆ ಬಂದಿತು. ಆಗ ಹಿರಿಯರೊಬ್ಬರು, "ಕ್ರೈಸ್ತರಿಗೆ ದತ್ತು ಕಾನೂನೇ ಇಲ್ಲ, ನೀವು ಪಾಲಕರಾಗಬಹುದಷ್ಟೆ" ಎಂದು ಹೇಳಿ ನಮ್ಮನ್ನು ಅಧೀರರನ್ನಾಗಿಸಿದರು. ಅವರ ಮಾತು ಸಂಪೂರ್ಣ ಸುಳ್ಳೂ ಆಗಿರಲಿಲ್ಲ. 1956ರ ದತ್ತಕ ಕಾಯಿದೆ ಹಿಂದೂ, ಬೌದ್ಧ, ಜೈನ, ಸಿಖ್ಖರಿಗೆ ಮಾತ್ರ ಅನ್ವಯಿಸುತ್ತಿತ್ತು. ನಮ್ಮಂಥವರಿಗೆ ಬಹುಕಾಲ ಉಳಿದಿದ್ದ ದಾರಿಯೆಂದರೆ 1890ರ ಪಾಲಕತ್ವದ ಕಾಯಿದೆಯೊಂದೇ. 2000ದ ಬಾಲನ್ಯಾಯ ಕಾಯಿದೆ ಮತ್ತು ಅದಕ್ಕೆ 2006ರಲ್ಲಿ ಆದ ತಿದ್ದುಪಡಿ ಈ ಬಾಗಿಲನ್ನು ತೆರೆದವು. ಯಾವ ಧರ್ಮದವರೇ ಆಗಲಿ ಈ ಕಾಯಿದೆಯಡಿ ದತ್ತು ಪಡೆಯಬಹುದೆಂಬುದನ್ನು 2014ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಇಂದು 2015ರ ಬಾಲನ್ಯಾಯ ಕಾಯಿದೆ ಜಾರಿಯಲ್ಲಿದೆ. ಅದರಂತೆ ದತ್ತು ಪಡೆದ ಮಗು ಎಲ್ಲ ಹಕ್ಕುಗಳೊಡನೆ ಆ ತಂದೆತಾಯಿಯರ ಮಗುವೇ ಆಗುತ್ತದೆ.

ಧರ್ಮಸಭೆಯ ಕಾನೂನು ಕೂಡ ಇದನ್ನೇ ಹೇಳುತ್ತದೆ. ನಾಡಿನ ಕಾನೂನಿನ ಪ್ರಕಾರ ದತ್ತು ಪಡೆದ ಮಕ್ಕಳನ್ನು ಆ ದಂಪತಿಗಳ ಮಕ್ಕಳೆಂದೇ ಪರಿಗಣಿಸಬೇಕೆಂದು 1983ರ ಧರ್ಮಸಭಾ ಸಂಹಿತೆಯ 110ನೆಯ ವಿಧಿ ತಿಳಿಸುತ್ತದೆ. ಜ್ಞಾನಸ್ನಾನದ ದಾಖಲೆಯಲ್ಲಿ ನಮ್ಮಿಬ್ಬರ ಹೆಸರು ಬರೆಯಲ್ಪಟ್ಟ ದಿನ ನಾನು ಅತ್ತದ್ದು ಇನ್ನೂ ನೆನಪಿದೆ. ಆದರೆ ಆ ಸಂತೋಷವೇ ನನ್ನನ್ನು ದಾರಿ ತಪ್ಪಿಸಿತು. ಕಾಗದದಲ್ಲಿ ಎಲ್ಲವೂ ಸರಿಯಾಗಿದೆ, ಮಗು ನಮ್ಮದೇ ಆಗಿದೆ, ಇನ್ನು ಹಳೆಯದನ್ನು ಹೇಳುವ ಅಗತ್ಯವೇನಿದೆ ಎಂದು ಭಾವಿಸಿದೆ. ಆ ಪುಸ್ತಕವನ್ನು ಉಡುಗೊರೆಯಾಗಿ ಕೊಟ್ಟ ಗೆಳತಿಗೆ ಧನ್ಯವಾದ ಹೇಳಿದೆ, ಮೂರು ಅಧ್ಯಾಯಗಳನ್ನು ಓದಿದೆ, ಹೆದರಿ ಬಚ್ಚಿಟ್ಟೆ.

2015ರಲ್ಲಿ, ಮಗಳಿಗೆ ಎಂಟು ವರ್ಷ ತುಂಬಿದ್ದಾಗ, ನೆಂಟರ ಮದುವೆಯ ಮನೆಯಲ್ಲಿ ವಯಸ್ಸಾದ ಹೆಂಗಸೊಬ್ಬರು ಅವಳ ಗಲ್ಲ ಹಿಡಿದು, "ಯಾರು ಹೆತ್ತ ಕೂಸೋ, ಇವರ ಮನೆಯ ಪುಣ್ಯ" ಎಂದರಂತೆ. ಅವರು ಪ್ರೀತಿಯಿಂದಲೇ ಆಡಿದ ಮಾತದು. ಮಗಳು ಒಂದು ವಾರ ಏನೂ ಹೇಳಲಿಲ್ಲ. ಆಮೇಲೆ ಒಂದು ಸಂಜೆ ನಾವಿಬ್ಬರೂ ಅವರೆಕಾಯಿ ಸುಲಿಯುತ್ತಿದ್ದಾಗ ತಲೆಯೆತ್ತದೆಯೇ ಕೇಳಿದಳು: "ಅಮ್ಮಾ, ಬೀರುವಿನಲ್ಲಿ ಒಂದು ಪುಸ್ತಕ ಇದೆಯಲ್ಲ, ಅದು ನನ್ನ ವಿಷಯವಾ?"

ಅವಳು ಇಂಗ್ಲಿಷ್ ಶಾಲೆಯ ಮಗು. ಕಂದು ಕಾಗದವನ್ನು ಬಿಚ್ಚಿ ಪುಸ್ತಕದ ಹೆಸರನ್ನು ಓದಿದ್ದಳು. ನಾನು ಹೌದೆಂದೆ. ದೇವರು ನಿನ್ನನ್ನು ನಮಗಾಗಿ ಆರಿಸಿ ಕೊಟ್ಟನು, ಅದು ಬಹಳ ಒಳ್ಳೆಯ ವಿಷಯ ಎಂದೆಲ್ಲ ತೊದಲಿದೆ. ಆಗ ಅವಳು ಕೇಳಿದ ಪ್ರಶ್ನೆ ಇಂದಿಗೂ ನನ್ನ ಕಿವಿಯಲ್ಲಿದೆ: "ಒಳ್ಳೆಯ ವಿಷಯ ಆಗಿದ್ದರೆ ಅದನ್ನೇಕೆ ಸೀರೆಯ ಕೆಳಗೆ ಇಟ್ಟಿದ್ದೀಯ?"

ನನ್ನಲ್ಲಿ ಉತ್ತರವಿರಲಿಲ್ಲ. ಮಗಳು ಆ ರಾತ್ರಿ ಊಟ ಮಾಡಲಿಲ್ಲ. ಮುಂದಿನ ಕೆಲವು ವಾರಗಳು ಅವಳು ನನ್ನನ್ನು ಅಮ್ಮಾ ಎಂದು ಕರೆಯುವುದನ್ನೇ ತಪ್ಪಿಸುತ್ತಿದ್ದಳು. ಪಾಪನಿವೇದನೆಯ ನಂತರ ನಾನು ನಮ್ಮ ಧರ್ಮಕೇಂದ್ರದ ಗುರುಗಳ ಬಳಿ ಈ ಕಷ್ಟವನ್ನು ತೋಡಿಕೊಂಡೆ. ಅವರು ಉಪದೇಶ ಮಾಡಲಿಲ್ಲ. "ದೇವರ ಬಳಿ ಕ್ಷಮೆ ಬೇಡಿದಿರಿ, ಮಗುವಿನ ಬಳಿ ಬೇಡಿದಿರಾ?" ಎಂದಷ್ಟೇ ಕೇಳಿದರು. ಅಂದು ರಾತ್ರಿ ನಾವಿಬ್ಬರೂ ಅವಳ ಹಾಸಿಗೆಯ ಬಳಿ ಕುಳಿತು, ಇಷ್ಟು ದಿನ ಹೇಳದೆ ತಪ್ಪು ಮಾಡಿದೆವು, ನಮ್ಮನ್ನು ಕ್ಷಮಿಸು ಎಂದೆವು. ಪುಸ್ತಕವನ್ನು ಹೊರತೆಗೆದು ನಡುಮನೆಯ ಕಪಾಟಿನಲ್ಲಿ, ಪವಿತ್ರ ಬೈಬಲ್ಲಿನ ಪಕ್ಕದಲ್ಲಿ ಇರಿಸಿದೆವು. ನಮ್ಮ ಮನೆಯಲ್ಲಿ ನಿಜವಾದ ಓದು ಆರಂಭವಾದದ್ದು ಅಂದೇ.

ಮೊದಲು ನಾವು ದಂಪತಿಗಳು ಓದಬೇಕಾಗಿತ್ತು. ಕೆನಡಾದ ಸಮಾಜಶಾಸ್ತ್ರಜ್ಞ ಡೇವಿಡ್ ಕರ್ಕ್ ತಾನೂ ದತ್ತುಮಕ್ಕಳ ತಂದೆ. 1964ರಷ್ಟು ಹಿಂದೆಯೇ ಆತ ಒಂದು ಮುಖ್ಯ ವಿಚಾರವನ್ನು ಬರೆದಿದ್ದ. ನಮ್ಮ ಕುಟುಂಬಕ್ಕೂ ಇತರ ಕುಟುಂಬಗಳಿಗೂ ವ್ಯತ್ಯಾಸವೇ ಇಲ್ಲವೆಂದು ನಟಿಸುವ ತಂದೆತಾಯಿಯರಿಗಿಂತ, ವ್ಯತ್ಯಾಸವನ್ನು ಒಪ್ಪಿಕೊಂಡು ಅದರ ಬಗ್ಗೆ ಮಾತನಾಡುವವರೇ ಮಗುವಿಗೆ ಹೆಚ್ಚು ಹತ್ತಿರವಾಗುತ್ತಾರೆಂಬುದು ಆತನ ಅಭಿಪ್ರಾಯ. ಡೇವಿಡ್ ಬ್ರೊಡ್ಜಿನ್ಸ್ಕಿ ಎಂಬ ಮನಶ್ಶಾಸ್ತ್ರಜ್ಞನ ಬರಹಗಳಿಂದ ಇನ್ನೊಂದನ್ನು ಕಲಿತೆವು. ಪುಟ್ಟ ಮಗು ತನ್ನ ದತ್ತಿನ ಕಥೆಯನ್ನು ಸಂತೋಷದಿಂದಲೇ ಕೇಳುತ್ತದೆ. ಏಳೆಂಟು ವರ್ಷದ ಹೊತ್ತಿಗೆ ಅದರ ಬುದ್ಧಿ ಬೆಳೆದು, "ಇವರು ನನ್ನನ್ನು ತಂದುಕೊಂಡರೆಂದರೆ ಯಾರೋ ನನ್ನನ್ನು ಬಿಟ್ಟುಕೊಟ್ಟಿದ್ದಾರೆ" ಎಂಬುದು ಹೊಳೆಯುತ್ತದೆ. ಆಗ ದುಃಖ, ಸಿಟ್ಟು ಬರುವುದು ಸಹಜ, ಅದು ಕೃತಘ್ನತೆಯಲ್ಲ. ನನ್ನ ಮಗಳಿಗೆ ಈ ಎರಡೂ ಅರಿವುಗಳು ಒಂದೇ ವಾರದಲ್ಲಿ ಬಂದೆರಗಿದ್ದವು. ಮಾತು ಬಾರದ ವಯಸ್ಸಿನಿಂದಲೇ ನಾನು ಹೇಳುತ್ತಾ ಬಂದಿದ್ದರೆ ಆ ಪೆಟ್ಟು ಇಷ್ಟು ಬಲವಾಗಿರುತ್ತಿರಲಿಲ್ಲ.

ಮಗಳೊಡನೆ ಓದಿದ ಕಥೆಗಳು ಬೇರೆ. ಕೆಯ್ಕೊ ಕಸಾ ಎಂಬ ಜಪಾನೀ ಲೇಖಕಿಯ ಚಿತ್ರಪುಸ್ತಕದಲ್ಲಿ ಚೋಕೋ ಎಂಬ ಹಳದಿ ಹಕ್ಕಿಮರಿ ತನ್ನಂತೆಯೇ ಕಾಣುವ ತಾಯಿಗಾಗಿ ಹುಡುಕಾಡಿ, ಕೊನೆಗೆ ಕರಡಿಯಮ್ಮನ ಮಡಿಲು ಸೇರುತ್ತದೆ. ಎಂಟು ವರ್ಷದವಳಿಗೆ ಅದು ಚಿಕ್ಕ ಮಕ್ಕಳ ಪುಸ್ತಕ. ಆದರೂ ಹಲವು ಬಾರಿ ಓದಿಸಿಕೊಂಡಳು. ಸ್ವಲ್ಪ ದೊಡ್ಡವಳಾದ ಮೇಲೆ 1908ರಲ್ಲಿ ಪ್ರಕಟವಾದ 'ಆನ್ ಆಫ್ ಗ್ರೀನ್ ಗೇಬಲ್ಸ್' ಅವಳ ಅಚ್ಚುಮೆಚ್ಚಿನ ಕಾದಂಬರಿಯಾಯಿತು. ಹೊಲದ ಕೆಲಸಕ್ಕೆ ಗಂಡುಮಗು ಬೇಕೆಂದಿದ್ದ ಅಣ್ಣತಂಗಿಯರ ಮನೆಗೆ ತಪ್ಪಾಗಿ ಬಂದ ಹೆಣ್ಣುಮಗು, ಆ ಮನೆಯ ಬೆಳಕೇ ಆಗುವ ಕಥೆಯದು. ಪ್ರೌಢಶಾಲೆಯಲ್ಲಿ ಅವಳು ರವೀಂದ್ರನಾಥ ಠಾಕೂರರ 'ಗೋರಾ' ಓದಿದಳು. ತನ್ನ ಹುಟ್ಟಿನ ಸತ್ಯ ತಿಳಿದ ಮೇಲೆ ಗೋರಾ ತನ್ನನ್ನು ಸಾಕಿದ ಆನಂದಮಯಿಯ ಬಳಿಗೇ ಮರಳುತ್ತಾನೆ. "ಆದರೆ ಮೊದಲೇ ಹೇಳಬಹುದಿತ್ತಲ್ಲವೇ ಅಮ್ಮಾ?" ಎಂದು ಮಗಳು ನಕ್ಕಳು. ನಮ್ಮ ನಾಡಿನ ಕರ್ಣನ ಕಥೆಯೂ ಇದೇ ಅಲ್ಲವೇ? ಯುದ್ಧದ ಹೊಸ್ತಿಲಲ್ಲಿ, ಯಾವ ಪ್ರಯೋಜನಕ್ಕೂ ಬಾರದ ಹೊತ್ತಿನಲ್ಲಿ ಅವನಿಗೆ ಸತ್ಯ ತಿಳಿಸಲಾಯಿತು. ಆದರೂ ಅವನು ಎತ್ತಿ ಆಡಿಸಿದ ರಾಧೆಯನ್ನು ಬಿಡಲಿಲ್ಲ, ರಾಧೇಯನಾಗಿಯೇ ಉಳಿದನು.

ಇನ್ನು ಪವಿತ್ರ ಗ್ರಂಥ. ಎಷ್ಟೋ ವರ್ಷ ಬಲಿಪೂಜೆಯಲ್ಲಿ ಕೇಳಿದ ವಾಚನಗಳೇ ನಮಗೆ ಹೊಸದಾಗಿ ಕೇಳಿಸಿದವು. ಮೋಶೆ ಫರೋಹನ ಮಗಳ ಮಡಿಲಲ್ಲಿ ಬೆಳೆದನು. ಆದರೂ ತನ್ನ ಹೆತ್ತ ಜನರ ನೋವನ್ನು ಮರೆಯಲಿಲ್ಲ. ತಂದೆತಾಯಿಯರಿಲ್ಲದ ಎಸ್ತೇರಳನ್ನು ಬಂಧುವಾದ ಮೊರ್ದೆಕೈ ಮಗಳಾಗಿ ಸ್ವೀಕರಿಸಿದನು. ದೇವರು ನಮ್ಮೊಡನೆ ಹೊಂದಿದ ಸಂಬಂಧವನ್ನು ವಿವರಿಸಲು ಸಂತ ಪೌಲರು ರೋಮನರಿಗೂ ಗಲಾತ್ಯರಿಗೂ ಬರೆದ ಪತ್ರಗಳಲ್ಲಿ ಬಳಸಿದ ಪದವೇ ದತ್ತುಸ್ವೀಕಾರ. ಸಂತ ಜೋಸೆಫರಂತೂ ನಮ್ಮ ಮನೆಯ ಪಾಲಕರೇ ಆದರು. ಮಗುವಿಗೆ ಯೇಸು ಎಂದು ಹೆಸರಿಡುವ ತಂದೆಯ ಹೊಣೆಯನ್ನು ದೇವದೂತನು ಅವರಿಗೆ ವಹಿಸಿದನು. ದೇವಾಲಯದಲ್ಲಿ ಬಾಲಯೇಸು ಸಿಕ್ಕಾಗ ಮಾತೆ ಮರಿಯಳು ಜೋಸೆಫರನ್ನು ಕುರಿತು ತಂದೆ ಎಂದೇ ನುಡಿದಳು, ಸಾಕುತಂದೆ ಎನ್ನಲಿಲ್ಲ. ಯೇಸುವಾದರೋ ಅದೇ ಗಳಿಗೆಯಲ್ಲಿ ತನ್ನ ಇನ್ನೊಬ್ಬ ತಂದೆಯನ್ನು ನೆನಪಿಸಿದರು. ಆ ಮಾತಿನಿಂದ ಜೋಸೆಫರ ಮನೆ ಒಡೆಯಲಿಲ್ಲ. ಮೂವರೂ ಒಟ್ಟಿಗೆ ನಜರೇತಿಗೆ ಹಿಂದಿರುಗಿದರು.

"ನನ್ನನ್ನು ಹೆತ್ತವಳು ಏಕೆ ಬಿಟ್ಟಳು?" ಎಂದು ಮಗಳು ಕೇಳಿದಾಗ ನಾನು ಕಥೆ ಕಟ್ಟಲಿಲ್ಲ. ನನಗೆ ತಿಳಿಯದು ಎಂದೆ. ತಪ್ಪು ನಿನ್ನದಾಗಿರಲಿಲ್ಲ ಎಂಬುದು ಮಾತ್ರ ತಿಳಿದಿದೆ ಎಂದೆ. ಅಂದಿನಿಂದ ಅವಳ ಹುಟ್ಟುಹಬ್ಬದಂದು ಆ ಅಪರಿಚಿತ ತಾಯಿಗಾಗಿಯೂ ಒಂದು ಮೇಣದಬತ್ತಿ ಹಚ್ಚಿ ಪ್ರಾರ್ಥಿಸುತ್ತೇವೆ.

ದತ್ತು ಪಡೆಯಬಯಸುವ ಕುಟುಂಬಗಳೇ, ಓದುವುದರ ಜೊತೆಗೆ ನೇರವಾದ ದಾರಿಯಲ್ಲಿಯೇ ನಡೆಯಿರಿ. ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದಲ್ಲಿ ಹೆಸರು ನೋಂದಾಯಿಸಬೇಕು. ಸಮಾಜ ಕಾರ್ಯಕರ್ತರು ಮನೆಗೆ ಬಂದು ಪರಿಶೀಲಿಸುತ್ತಾರೆ. 2022ರ ಸೆಪ್ಟೆಂಬರಿನಿಂದ ಅಂತಿಮ ಆದೇಶವನ್ನು ನ್ಯಾಯಾಲಯದ ಬದಲು ಜಿಲ್ಲಾಧಿಕಾರಿಗಳು ನೀಡುತ್ತಿದ್ದಾರೆ. ಆನಂತರವೂ ಎರಡು ವರ್ಷಗಳ ಕಾಲ ಆರು ತಿಂಗಳಿಗೊಮ್ಮೆ ಮಗುವಿನ ಕ್ಷೇಮವನ್ನು ವಿಚಾರಿಸುತ್ತಾರೆ. ಕಾಯುವಿಕೆ ದೀರ್ಘವೆಂದು ಬೇಸತ್ತು, ಯಾರದೋ ಮಧ್ಯಸ್ಥಿಕೆಯಿಂದ ಗುಟ್ಟಾಗಿ ಮಗುವನ್ನು ತರಬೇಡಿರಿ. ಅದು ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ಕಾಯುವ ಆ ದಿನಗಳನ್ನೇ ಓದಿಗೆ ಬಳಸಿರಿ. ಇತರ ಧರ್ಮಕೇಂದ್ರದ ಬಂಧುಗಳೇ, ಇಂತಹ ಮಗುವನ್ನು ಕಂಡಾಗ ನಿಜವಾದ ತಾಯಿ ಯಾರೆಂದು ಕೇಳಬೇಡಿರಿ. ಅದೃಷ್ಟವಂತೆ ಎಂದು ಹೊಗಳಲೂಬೇಡಿರಿ. ಹೆಸರು ಹಿಡಿದು ಕರೆಯಿರಿ, ಅಷ್ಟು ಸಾಕು.

ನನ್ನ ಮಗಳು ಈಗ ಕಾಲೇಜಿನಲ್ಲಿದ್ದಾಳೆ. ಹದಿನೆಂಟು ತುಂಬಿದ ದತ್ತುಮಕ್ಕಳು ತಮ್ಮ ಮೂಲದ ಬಗ್ಗೆ ಮಾಹಿತಿ ಕೋರಿ ತಾವೇ ಅರ್ಜಿ ಸಲ್ಲಿಸಬಹುದೆಂದು ನಿಯಮಗಳು ಹೇಳುತ್ತವೆ. ಹೆತ್ತವಳ ಗೌಪ್ಯತೆಗೆ ಧಕ್ಕೆ ಬಾರದಂತೆ ಅದು ನಡೆಯಬೇಕು. ಈ ಸಂಗತಿಯನ್ನು ಓದಿ ಅವಳಿಗೆ ತಿಳಿಸಿದವಳು ನಾನೇ. ಅವಳು ಇನ್ನೂ ನಿರ್ಧರಿಸಿಲ್ಲ. ನನಗೆ ಭಯವಿಲ್ಲವೆಂದು ಹೇಳಿದರೆ ಸುಳ್ಳಾದೀತು. ಮೊನ್ನೆ ರಾತ್ರಿ ಕಪಾಟಿನಿಂದ ಆ ಹಳೆಯ ಪುಸ್ತಕವನ್ನು ತೆಗೆದು, "ಅರ್ಜಿ ಹಾಕುವುದಾದರೆ ನೀನೂ ಬರುತ್ತೀಯಲ್ಲವೇ ಅಮ್ಮಾ?" ಎಂದು ಕೇಳಿದಳು. ಬರುತ್ತೇನೆಂದೆ. ಯೆರೂಸಲೇಮಿನಿಂದ ನಜರೇತಿಗೆ ನಡೆದ ಆ ಮೂವರನ್ನು ನೆನೆದು ಆ ರಾತ್ರಿ ಪ್ರಾರ್ಥಿಸಿದೆ. ಓದುಗರೇ, ನೀವೂ ನಮಗಾಗಿ ಪ್ರಾರ್ಥಿಸಿರಿ.